ಅಂಗಡಿ ಮಾಳಿಗೆ ಮೇಲೆ ಸೋಲಾರ್: ಕಾಕಾನ ಬಿಲ್ಲು ಕಲಿಸಿದ್ದು

"ಏನೋ ತಮ್ಮಾ, ಕರೆಂಟ್ ಹೋದ್ರ ನಮ್ಮ ಸೋಲಾರೂ ಬಂದ್ ಆಗತೈತಲ್ಲೋ! ಮತ್ಯಾಕ ಅಷ್ಟ್ ರೊಕ್ಕ ಹಾಕಿದ್ವಿ?"

ಹೋದ ವರ್ಷ ಜೂನ್‌ನಲ್ಲಿ ಲಕ್ಷ್ಮೇಶ್ವರದಿಂದ ಕಾಕಾ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಹಾಸ್ಟೆಲ್ಲಿನಲ್ಲಿ ಇಂಟರ್ನಲ್ಸ್‌ಗೆ ಓದ್ತಾ ಇದ್ದೆ. ಬಜಾರದಲ್ಲಿ ಅವನದು ಬಟ್ಟೆ ಅಂಗಡಿ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ 10 ಕಿಲೋವಾಟ್ ಸೋಲಾರ್ ಕೂರಿಸಿಕೊಂಡಿದ್ದ. ಐದೂವರೆ ಲಕ್ಷ ಖರ್ಚು, ಅದರಲ್ಲಿ ಅರ್ಧ ಸೊಸೈಟಿ ಸಾಲ. "ನೀ ಎಲೆಕ್ಟ್ರಿಕಲ್ ಓದಾಕತ್ತೀಯಲ್ಲ, ಬಂದು ನೋಡು" ಅಂದ. ಹೋಗಿ ನೋಡಿದೆ. ಆಮೇಲೆ ನಾವು ನಾಲ್ಕು ಜನ ಗೆಳೆಯರು ಸೇರಿ ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಯಲ್ಲೂ ಕೆಲವು ಅಂಗಡಿ, ಲಾಡ್ಜು, ಗೋದಾಮುಗಳ ಮಾಳಿಗೆ ಹತ್ತಿ ಬಂದೆವು. ಸಿಲಬಸ್ಸಿನಲ್ಲಿ ಎರಡು ಪುಟ ಇರುವ ವಿಷಯ ಮಾಳಿಗೆ ಮೇಲೆ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು.

ಮೊದಲು ಕಾಕಾನ ಪ್ರಶ್ನೆ. ಬ್ಯಾಟರಿ ಇಲ್ಲದ ಗ್ರಿಡ್-ಟೈ ಇನ್ವರ್ಟರ್, ಹೆಸ್ಕಾಂ ಲೈನಿನ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿಯನ್ನು ನೋಡಿಕೊಂಡೇ ಕೆಲಸ ಮಾಡುತ್ತದೆ. ಲೈನ್ ಹೋದ ಕೂಡಲೇ ಅದು ನಿಲ್ಲಲೇಬೇಕು. ಇಲ್ಲದಿದ್ದರೆ ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯಿಂದ ಕರೆಂಟು ಹೊಡೆಯುತ್ತದೆ. ಇದಕ್ಕೆ ಆಂಟಿ-ಐಲ್ಯಾಂಡಿಂಗ್ ಅನ್ನುತ್ತಾರೆ. ಅಂದರೆ ಕಾಕಾನ ಇನ್ವರ್ಟರ್ ಸರಿಯಾಗಿಯೇ ಇತ್ತು, ಮಾರಿದವರು ಮಾತ್ರ ಇದನ್ನು ಹೇಳಿರಲಿಲ್ಲ. ಕರೆಂಟು ಹೋದಾಗಲೂ ಬಿಲ್ಲಿಂಗ್ ಕಂಪ್ಯೂಟರು, ನಾಲ್ಕು ಲೈಟು ನಡೆಯಬೇಕಾದರೆ ಅಷ್ಟಕ್ಕೆ ಮಾತ್ರ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಲೆಕ್ಕ ಹಾಕಬೇಕು. ಇಡೀ ಅಂಗಡಿಗೆ ಬ್ಯಾಟರಿ ಹಾಕಲು ಹೋದರೆ ಸೋಲಾರಿನ ಉಳಿತಾಯವನ್ನೆಲ್ಲ ಬ್ಯಾಟರಿಯೇ ತಿಂದುಬಿಡುತ್ತದೆ. ಆಸ್ಪತ್ರೆ, ಲಾಡ್ಜುಗಳಲ್ಲಿ ಡೀಸೆಲ್ ಜನರೇಟರ್ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಜನರೇಟರ್ ನಡೆಯುವಾಗ ಸೋಲಾರನ್ನು ತಗ್ಗಿಸುವ ಕಂಟ್ರೋಲರ್ ಇಲ್ಲದೆ ಎರಡನ್ನೂ ಒಂದೇ ಬಸ್‌ಬಾರಿಗೆ ಕೊಡಬಾರದು. ಹೆಚ್ಚಾದ ಪವರ್ ಜನರೇಟರಿನೊಳಗೆ ಹಿಂದಕ್ಕೆ ನುಗ್ಗುತ್ತದೆ.

ಬಿಲ್ಲನ್ನು ಓದಿ, ಆಮೇಲೆ ಮಾಳಿಗೆ ಹತ್ತಿ

ನಮ್ಮ ಕಡೆ ಕೆಳಗೆ ಅಂಗಡಿ, ಮೇಲೆ ಮನೆ. ಎರಡಕ್ಕೂ ಬೇರೆ ಬೇರೆ ಮೀಟರ್. ಯಾವ ಮೀಟರಿಗೆ ಸೋಲಾರ್ ಜೋಡಿಸುತ್ತೀರಿ ಅನ್ನುವುದೇ ಮೊದಲ ಪ್ರಶ್ನೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದ್ದು, ಬಹಳಷ್ಟು ಮನೆಗಳ ಬಿಲ್ಲು ಆಗಲೇ ಸೊನ್ನೆ. ಸುಡುತ್ತಿರುವುದು ಅಂಗಡಿ ಮೀಟರು. ಯೂನಿಟ್ಟಿಗೆ ಏಳೆಂಟು ರೂಪಾಯಿ, ಮೇಲೆ ಫಿಕ್ಸೆಡ್ ಚಾರ್ಜು. ಆದರೆ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ. ಅಂಗಡಿಗೆ ಅದು ಸಿಗುವುದಿಲ್ಲ. ಬಿಸಿನೆಸ್ ಮಾಡುವವರಿಗೆ ಇರುವ ಅನುಕೂಲ ಬೇರೆ: ಆದಾಯ ತೆರಿಗೆಯಲ್ಲಿ ವರ್ಷಕ್ಕೆ 40 ಪರ್ಸೆಂಟ್ ಡಿಪ್ರಿಸಿಯೇಶನ್ ತೋರಿಸಬಹುದು. ಇದನ್ನು ಲೆಕ್ಕಪತ್ರ ನೋಡುವವರ ಹತ್ತಿರ ಕೂತು ಮಾತಾಡಬೇಕು, ಪ್ಯಾನೆಲ್ ಮಾರುವವರ ಹತ್ತಿರ ಅಲ್ಲ.

ನೆಟ್ ಮೀಟರಿಂಗ್‌ಗೆ ಕೇಂದ್ರದ ನಿಯಮದಲ್ಲಿ 500 ಕಿಲೋವಾಟ್ ಅಥವಾ ನಿಮ್ಮ ಮಂಜೂರಾದ ಲೋಡ್, ಯಾವುದು ಕಡಿಮೆಯೋ ಅಷ್ಟು ಮಿತಿ. ಅಂದರೆ 6 ಕಿಲೋವಾಟ್ ಮಂಜೂರಾದ ಅಂಗಡಿಗೆ 10 ಕಿಲೋವಾಟಿನ ಸಾಮಾನು ಮೊದಲೇ ತಂದಿಟ್ಟರೆ ಅದು ಗೋದಾಮಿನಲ್ಲೇ ಕೂರುತ್ತದೆ.

ಗದಗ ಸೀಮೆಯಲ್ಲಿ 1 ಕಿಲೋವಾಟಿಗೆ ವರ್ಷದ ಸರಾಸರಿ ದಿನಕ್ಕೆ ಸುಮಾರು 4 ಯೂನಿಟ್ ಹಿಡಿಯಬಹುದು. 10 ಕಿಲೋವಾಟಿಗೆ ತಿಂಗಳಿಗೆ 1,200 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂದರೂ ತಿಂಗಳಿಗೆ 8,400 ರೂಪಾಯಿ. ಕಾಕಾನ ಐದೂವರೆ ಲಕ್ಷ ಐದಾರು ವರ್ಷದಲ್ಲಿ ಮರಳಬೇಕು. ಈ ಲೆಕ್ಕ ನಿಲ್ಲುವುದು ಅಂಗಡಿಯೇ ಅಷ್ಟು ಯೂನಿಟ್ ಸುಟ್ಟರೆ ಮಾತ್ರ, ಯಾಕೆಂದರೆ ಉಳಿದದ್ದನ್ನು ಗ್ರಿಡ್ಡಿಗೆ ಕೊಟ್ಟರೆ ಸಿಗುವ ದರ ಬಹಳ ಕಡಿಮೆ. ಹಗಲು ನಡೆಯುವ ಪ್ರಿಂಟಿಂಗ್ ಪ್ರೆಸ್ಸಿಗೆ ಸೋಲಾರ್ ಹೇಳಿ ಮಾಡಿಸಿದ ಹಾಗಿದೆ. ಕಲ್ಯಾಣ ಮಂಟಪದ ಕಥೆ ಬೇರೆ. ಅದರ ಲೋಡು ಮುಹೂರ್ತ ನೋಡಿಕೊಂಡು ಬರುತ್ತದೆ, ಆಷಾಢದಲ್ಲಿ ಪೂರಾ ಮಲಗುತ್ತದೆ. ಅಲ್ಲಿ ಮಾಳಿಗೆ ತುಂಬ ಪ್ಯಾನೆಲ್ ಹಾಸುವವರು ಹನ್ನೆರಡು ತಿಂಗಳ ಬಿಲ್ಲು ನೋಡಿಲ್ಲ ಅಂತಲೇ ಅರ್ಥ.

ಮೇ ತಿಂಗಳ ನೆರಳು ಸುಳ್ಳು ಹೇಳುತ್ತದೆ

ಡಿಸೆಂಬರಿನಲ್ಲಿ ಕಾಕಾನ ಎರಡನೇ ಫೋನ್. ಆಕಾಶ ಸ್ವಚ್ಛ ಇದೆ, ಯೂನಿಟ್ ಮಾತ್ರ ಬೀಳುತ್ತಿದೆ. ಹೋಗಿ ನೋಡಿದರೆ ನೀರಿನ ಟ್ಯಾಂಕು! ಅದರ ತುದಿ ಮಾಳಿಗೆಯಿಂದ 4 ಮೀಟರ್ ಎತ್ತರ. ಪ್ಯಾನೆಲ್‌ಗಳು ಟ್ಯಾಂಕಿನ ಉತ್ತರಕ್ಕೂ ಈಶಾನ್ಯಕ್ಕೂ ಇದ್ದವು. "ಸರ್ವೆ ಮಾಡಿದಾಗ ನೆಳ್ಳ ಇರಲಿಲ್ಲೋ" ಅಂತ ಕಾಕಾ ಆಣೆ ಮಾಡಿ ಹೇಳಿದ. ಅವನು ಹೇಳಿದ್ದು ನಿಜ. ಸರ್ವೆ ನಡೆದದ್ದು ಮೇ ಮೊದಲ ವಾರ.

ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗ ಮಧ್ಯಾಹ್ನದ ನೆರಳು ವಸ್ತುವಿನ ಕಾಲಡಿಯಲ್ಲೇ ಇರುತ್ತದೆ. ಸಾಯಂಕಾಲಕ್ಕೆ ಬಿದ್ದರೂ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೇ ವಾಲಿ ಬೀಳುತ್ತದೆ. ಉತ್ತರದ ಪ್ಯಾನೆಲ್ಲಿಗೆ ತಾಗುವುದೇ ಇಲ್ಲ. ಡಿಸೆಂಬರ್ 21ಕ್ಕೆ ಬನ್ನಿ. ಸೌರ ಸಮಯ ಬೆಳಗ್ಗೆ 9ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಸೂರ್ಯನ ಎತ್ತರ ಬರೀ 31 ಡಿಗ್ರಿ. 4 ಮೀಟರ್ ಟ್ಯಾಂಕಿನ ನೆರಳು ಆರೂವರೆ ಮೀಟರ್ ಚಾಚುತ್ತದೆ. ಅದರಲ್ಲಿ ಉತ್ತರ ದಿಕ್ಕಿನ ಪಾಲು ಸುಮಾರು 4.3 ಮೀಟರ್. ನೆನಪಿಟ್ಟುಕೊಳ್ಳಲು ಸುಲಭವಾದ ಲೆಕ್ಕ ಇದು: ನಮ್ಮ ಊರುಗಳಲ್ಲಿ 9ರಿಂದ 3ರವರೆಗೆ ನೆರಳು ಬೇಡ ಅಂದರೆ, ದಕ್ಷಿಣದ ಅಡ್ಡಿ ಎಷ್ಟು ಎತ್ತರವೋ ಅದರ 1.1 ಪಟ್ಟು ಉತ್ತರಕ್ಕೆ ಬಿಡಿ. ಪ್ಯಾನೆಲ್ ಸಾಲುಗಳ ನಡುವಿನ ಅಂತರಕ್ಕೂ ಇದೇ. 2.28 ಮೀಟರ್ ಉದ್ದದ ಪ್ಯಾನೆಲನ್ನು 15 ಡಿಗ್ರಿ ವಾಲಿಸಿ ದಕ್ಷಿಣಕ್ಕೆ ಮುಖ ಮಾಡಿದರೆ ಹಿಂದಿನ ಅಂಚು 0.59 ಮೀಟರ್ ಮೇಲೇಳುತ್ತದೆ, ಹಿಂದೆ 0.65 ಮೀಟರ್ ಜಾಗ ಬಿಟ್ಟರೆ ಸಾಕು. ಓಡಾಡಿ ತೊಳೆಯುವ ದಾರಿ ಸೇರಿಸಿ 10 ಕಿಲೋವಾಟಿಗೆ ಒಟ್ಟು ಸಾವಿರ ಚದರ ಅಡಿ ಬೇಕು. (ಗಡಿಯಾರ ನೋಡಿ ಅಳೆಯುವವರಿಗೆ: ಇಲ್ಲಿ ಸೌರ ಮಧ್ಯಾಹ್ನ ಆಗುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ.)

ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಅದೊಂದೇ ಸೋಲುವುದಿಲ್ಲ. ಸರಣಿಯಲ್ಲಿ ಜೋಡಿಸಿದ್ದರಿಂದ ಇಡೀ ಸಾಲಿನ ಕರೆಂಟಿಗೆ ಅದು ಅಡ್ಡ ನಿಲ್ಲುತ್ತದೆ. ಬೈಪಾಸ್ ಡಯೋಡುಗಳು ಸ್ವಲ್ಪ ಕಾಪಾಡುತ್ತವೆ, ಪೂರ್ತಿ ಅಲ್ಲ. ಕಾಕಾನ 18 ಪ್ಯಾನೆಲ್‌ಗಳು ಒಂಬತ್ತೊಂಬತ್ತರ ಎರಡು ಸ್ಟ್ರಿಂಗ್‌ನಲ್ಲಿದ್ದವು, ನೆರಳು ಬೀಳುವ ಪ್ಯಾನೆಲ್‌ಗಳು ಎರಡರಲ್ಲೂ ಹಂಚಿಹೋಗಿದ್ದವು. ಅವನ್ನೆಲ್ಲ ಒಂದೇ ಸ್ಟ್ರಿಂಗ್‌ಗೆ, ಒಂದೇ ಎಂಪಿಪಿಟಿಗೆ ಕಟ್ಟಿದ್ದರೆ ಇನ್ನೊಂದಾದರೂ ನಿಶ್ಚಿಂತೆಯಿಂದ ದುಡಿಯುತ್ತಿತ್ತು.

ನೆರಳಿನ ಲೆಕ್ಕದಲ್ಲಿ ನಮ್ಮ ಊರಿನದೇ ಒಂದು ವಿಶೇಷ ಇದೆ. ಮಾಳಿಗೆ ಮೇಲೆ ಕಾಲಂ ಸರಳುಗಳನ್ನು ಹಾಗೇ ಬಿಟ್ಟಿರುತ್ತಾರೆ, ಮುಂದೆ ಇನ್ನೊಂದು ಅಂತಸ್ತು ಏರಿಸುವ ಆಸೆಗೆ. ಪ್ಯಾನೆಲ್ ಬಾಳುವುದು 25 ವರ್ಷ. ಅಂತಸ್ತು ಯಾವಾಗ ಏರಿಸುತ್ತೀರಿ, ದಕ್ಷಿಣದ ಪಕ್ಕದವರು ಯಾವಾಗ ಏರಿಸುತ್ತಾರೆ, ಇವೆರಡನ್ನೂ ಮಾಲೀಕರನ್ನು ಕೇಳಲೇಬೇಕು. ನಾಚಿಕೆ ಬೇಡ.

ಭಾರಕ್ಕಲ್ಲ, ಗಾಳಿಗೆ ಹೆದರಿ

ಎಲ್ಲ ಮಾಲೀಕರೂ ಕೇಳಿದ್ದು "ಸ್ಲ್ಯಾಬ್ ತಡೀತೈತೇನು?" ಅಂತ. 540 ವಾಟಿನ ಪ್ಯಾನೆಲ್ ಸುಮಾರು 28 ಕೆಜಿ. ಚೌಕಟ್ಟು ಸೇರಿಸಿದರೂ ಚದರ ಮೀಟರಿಗೆ 15–20 ಕೆಜಿ. ಜನ ಓಡಾಡುವ ಮಾಳಿಗೆಯನ್ನು ಐಎಸ್ 875 ಪ್ರಕಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿಗೆ ಡಿಸೈನ್ ಮಾಡಿರುತ್ತಾರೆ. ಒಳ್ಳೆಯ ಆರ್‌ಸಿಸಿ ಸ್ಲ್ಯಾಬಿಗೆ ಪ್ಯಾನೆಲ್ಲಿನ ತೂಕ ದೊಡ್ಡ ಮಾತಲ್ಲ. ಹಳೇ ಪೇಟೆಯ ಮಣ್ಣಿನ ಮಾಳಿಗೆ, ಸಿಮೆಂಟ್ ಶೀಟಿನ ಗೋದಾಮು ಇವು ಬೇರೆ ವಿಷಯ. ಅಲ್ಲಿ ಸಿವಿಲ್ ಗೆಳೆಯರ ಮಾತೇ ಕೊನೆ, ನಾವು ಬಾಯಿ ಹಾಕಬಾರದು.

ನಿಜವಾದ ಶತ್ರು ಗಾಳಿ. ಕಪ್ಪತಗುಡ್ಡದ ಮೇಲೆ ಅಷ್ಟು ವಿಂಡ್‌ಮಿಲ್ ಸುಮ್ಮನೆ ನಿಲ್ಲಿಸಿಲ್ಲವಲ್ಲ! ಡಿಸೈನ್ ಗಾಳಿ ಸೆಕೆಂಡಿಗೆ 39 ಮೀಟರ್ ಅಂತ ಹಿಡಿಯೋಣ. ಒತ್ತಡ 0.6 ಗುಣಿಸು ವೇಗದ ವರ್ಗ: ಚದರ ಮೀಟರಿಗೆ 912 ನ್ಯೂಟನ್. ಪ್ಯಾನೆಲ್ ವಿಸ್ತೀರ್ಣ 2.58 ಚದರ ಮೀಟರ್. ಒತ್ತಡದ ಗುಣಾಂಕ 1 ಅಂತ ಇಟ್ಟರೂ ಒಂದೊಂದು ಪ್ಯಾನೆಲ್ಲನ್ನು ಸುಮಾರು 240 ಕೆಜಿ ಬಲ ಮೇಲಕ್ಕೆತ್ತುತ್ತದೆ. ಅದರ ಸ್ವಂತ ತೂಕ 28 ಕೆಜಿ! ಮಾಳಿಗೆಯ ಮೂಲೆಗಳಲ್ಲಿ ಬಲ ಇನ್ನೂ ಜಾಸ್ತಿ, ಆದ್ದರಿಂದ ಅಂಚಿನಿಂದ ಒಳಗೆ ಸರಿದು ಕೂರಿಸಬೇಕು.

ಕಾಕಾನ ಮಾಳಿಗೆಯಲ್ಲಿ ಚೌಕಟ್ಟಿನ ಕಾಲುಗಳನ್ನು ಗಚ್ಚಿನೊಳಗೆ ಬೋಲ್ಟ್ ಹೊಡೆದು ನಿಲ್ಲಿಸಿದ್ದರು. ಜೂನ್ ಗಾಳಿಗೆ ಅವು ಅಲುಗಾಡಿ ತೂತು ಸಡಿಲಾದವು, ಜುಲೈ ಮಳೆಗೆ ಕೆಳಗೆ ಸೀರೆ ರ‍್ಯಾಕಿನ ಮೇಲೆ ನೀರು ಸೋರಿತು. ಗಚ್ಚು ನೀರು ತಡೆಯಲು ಹಾಕಿದ್ದು, ಎಳೆತ ತಡೆಯಲು ಅಲ್ಲ. ಸ್ಲ್ಯಾಬಿಗೆ ತೂತು ಮಾಡದ ಕ್ರಮ ಇದೆ: ಒಂದಡಿ ಘನದ ಕಾಂಕ್ರೀಟ್ ದಿಮ್ಮಿ ಸುಮಾರು 65 ಕೆಜಿ ತೂಗುತ್ತದೆ, ಪ್ಯಾನೆಲ್ಲಿಗೆ ಅಂಥ ನಾಲ್ಕು ಬಂದರೆ 260 ಕೆಜಿ. ಬಿಟ್ಟ ಜಾಗವೂ ಸೇರಿ ಹಂಚಿದರೆ ಚದರ ಮೀಟರಿಗೆ 55 ಕೆಜಿ ಸುಮಾರು. ದಿಮ್ಮಿಗಳು ಬೀಮಿನ ಸಾಲಿನ ಮೇಲೇ ಬರಬೇಕು, ಎಲ್ಲವನ್ನೂ ಒಂದಕ್ಕೊಂದು ಕಟ್ಟಿರಬೇಕು, ಮಳೆನೀರು ಹರಿಯುವ ದಾರಿಗೆ ಅಡ್ಡ ಆಗಬಾರದು. ಪತ್ರಾಸ್ ಗೋದಾಮಿನಲ್ಲಾದರೆ ತಗಡಿಗಲ್ಲ, ಕೆಳಗಿನ ಪರ್ಲಿನ್‌ಗೇ ಹಿಡಿಸಬೇಕು. ತಗಡಿಗೂ ಪ್ಯಾನೆಲ್ಲಿಗೂ ನಡುವೆ ಗಾಳಿ ಆಡಲು ನಾಲ್ಕೈದು ಇಂಚು ಬಿಡಿ. ಏಪ್ರಿಲ್ ಬಿಸಿಲಿಗೆ ಸೆಲ್ 65 ಡಿಗ್ರಿ ಮುಟ್ಟಿದರೆ, ಡಿಗ್ರಿಗೆ 0.35 ಪರ್ಸೆಂಟ್‌ನಂತೆ 14 ಪರ್ಸೆಂಟ್ ಪವರ್ ಅಲ್ಲೇ ಹೋಯಿತು.

ಆಫ್ ಮಾಡಿದರೂ ಸಾಯದ ವೈರು

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಒಂಬತ್ತು ಪ್ಯಾನೆಲ್ಲಿನ ಸ್ಟ್ರಿಂಗ್ ಅಂದರೆ ಸುಮಾರು 445 ವೋಲ್ಟ್ ಡಿಸಿ. ಮೇನ್ ಸ್ವಿಚ್ ಆಫ್ ಮಾಡಿ, ಹೆಸ್ಕಾಂ ಲೈನೇ ಕಿತ್ತುಹಾಕಿ, ಬಿಸಿಲಿರುವವರೆಗೆ ಆ ವೈರು ಜೀವಂತ. ಎಸಿಯಲ್ಲಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಆರುವ ಅವಕಾಶ ಇರುತ್ತದೆ. ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಲೋಡ್ ಇರುವಾಗ ಎಂಸಿ4 ಕನೆಕ್ಟರ್ ಎಳೆದರೆ ಆರ್ಕ್ ಉರಿಯುತ್ತಲೇ ಇರುತ್ತದೆ. ಒಂದು ಕಂಪನಿಯ ಗಂಡಿಗೆ ಇನ್ನೊಂದು ಕಂಪನಿಯ ಹೆಣ್ಣು ಕನೆಕ್ಟರ್ ಹಾಕುವ ಅಭ್ಯಾಸವನ್ನೂ ನೋಡಿದೆವು. ಅಲ್ಲಿ ಸಂಪರ್ಕ ಸಡಿಲ, ಅಲ್ಲೇ ಬಿಸಿ, ಅಲ್ಲೇ ಬೆಂಕಿ. ಕೆಳಗೆ ಬಟ್ಟೆ ಗಂಟು, ಹತ್ತಿ ಅಂಡಿಗೆ ಇದ್ದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕೇಬಲ್ಲುಗಳು ಪೈಪಿನೊಳಗೇ ಇರಲಿ. ಬಿಸಿಲು ಒಂದು ಕಾರಣ, ನಮ್ಮ ಮಂಗ್ಯಾಗಳು ಇನ್ನೊಂದು.

ಸ್ಟ್ರಿಂಗ್ ಉದ್ದ ನಿರ್ಧರಿಸುವಾಗ ಬೇಸಿಗೆಯನ್ನಲ್ಲ, ಚಳಿಯ ಬೆಳಗನ್ನು ನೋಡಿ. ತಂಪಾದಷ್ಟೂ ವೋಲ್ಟೇಜ್ ಏರುತ್ತದೆ. 49.5 ವೋಲ್ಟಿನ ಪ್ಯಾನೆಲ್ 10 ಡಿಗ್ರಿಯಲ್ಲಿ 51.5 ಆಗುತ್ತದೆ. 1000 ವೋಲ್ಟಿನ ಇನ್ವರ್ಟರಿಗೆ 20 ಪ್ಯಾನೆಲ್ ಕಾಗದದ ಮೇಲೆ ಸರಿ ಕಾಣುತ್ತದೆ, ಚಳಿಗಾಲದ ಮುಂಜಾನೆ 1030 ಆಗಿ ಇನ್ವರ್ಟರ್ ಸುಟ್ಟರೂ ಸುಡಬಹುದು. 18 ಸಾಕು.

ಡಿಸಿಗೆ, ಎಸಿಗೆ, ಸಿಡಿಲು ತಡೆಗೆ ಬೇರೆ ಬೇರೆ ಅರ್ಥ್ ಪಿಟ್ ಬೇಕು. ಅದರ ರೆಸಿಸ್ಟೆನ್ಸನ್ನು ಮಳೆಗಾಲದಲ್ಲಿ ಅಳೆದು ಸಮಾಧಾನ ಪಡಬೇಡಿ. ನಮ್ಮ ಎರೆಮಣ್ಣು ಹಸಿ ಇದ್ದಾಗ ಬಂಗಾರ, ಏಪ್ರಿಲ್‌ನಲ್ಲಿ ಬಾಯಿ ಬಿಟ್ಟು ನಿಲ್ಲುತ್ತದೆ. ಸಿಡಿಲು ಬರುವುದೂ ಆಗಲೇ, ಮುಂಗಾರಿಗೆ ಮೊದಲು.

ಇನ್ನು ತೊಳೆಯುವುದು. ಬೆಟಗೇರಿಯ ಒಂದು ಮಾಳಿಗೆಯಲ್ಲಿ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು, ಜೊತೆಗೆ ಹತ್ತಿಯ ನಾರು. ಮುಂಡರಗಿಯಲ್ಲಿ ಬೋರಿನ ಗಡಸು ನೀರು ಹಾಕಿ ಹಾಕಿ ಗಾಜಿನ ಮೇಲೆ ಬಿಳಿ ಕಲೆ ಕೂತಿತ್ತು. ಮಳೆನೀರು ಹಿಡಿದಿಟ್ಟು, ಬೆಳಗಿನ ಜಾವ, ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಕಾದ ಗಾಜಿಗೆ ಮಟಮಟ ಮಧ್ಯಾಹ್ನ ತಣ್ಣೀರು ಬೇಡ. ತೊಳೆಯುವವರ ಸೊಂಟಕ್ಕೆ ಹಗ್ಗ ಇರಲಿ. ನಾವು ನೋಡಿದ ಒಂದು ಕಡೆಯೂ ಹಗ್ಗ ಕಟ್ಟಲು ಕೊಂಡಿ ಕೂಡ ಇರಲಿಲ್ಲ.

ಕಾಕಾ ಈ ಬೇಸಿಗೆಯಲ್ಲಿ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಿದ, ದಿಮ್ಮಿ ಹಾಕಿಸಿದ, ಗಚ್ಚು ಹೊಸದಾಗಿ ಮಾಡಿಸಿದ. ಮೂವತ್ತೆಂಟು ಸಾವಿರ ಹೆಚ್ಚಿಗೆ ಹೋಯಿತು. ಡಿಸೆಂಬರ್ 21ಕ್ಕೆ ಮತ್ತೆ ಹೋಗಿ ನೆರಳು ಅಳೆಯುವುದಿದೆ. ಬರುವವರು ಟೇಪು, ದಿಕ್ಸೂಚಿ ತನ್ನಿ. ಊಟಕ್ಕೆ ರೊಟ್ಟಿ, ಕಾಳುಪಲ್ಲೆ ಕಾಕೂ ಮಾಡತಾಳಂತೆ.