ಕಳೆಯ ಕಳೆ: ಕಳೆನಾಶಕಕ್ಕೆ ಮಣಿಯದ ಸಸ್ಯಗಳ ಪತ್ತೆ

ಕನ್ನಡದಲ್ಲಿ ‘ಕಳೆ’ ಎಂಬ ಶಬ್ದಕ್ಕೆ ಮೂರು ಅರ್ಥಗಳುಂಟು. ಪೈರಿನ ನಡುವೆ ಬೇಡದೆ ಬೆಳೆಯುವ ಸಸ್ಯವು ಕಳೆ. ಬೇಡವಾದುದನ್ನು ತೆಗೆದುಹಾಕು ಎಂಬ ಕ್ರಿಯೆಯೂ ಕಳೆ. ಸಂಸ್ಕೃತದ ‘ಕಲಾ’ ಶಬ್ದದ ತದ್ಭವವಾಗಿ ಬಂದಾಗ ಕಾಂತಿಯೂ ಕಳೆ. ಹಳ್ಳಿಯ ಹಿರಿಯರು ರೋಗಿಯನ್ನು ಕಂಡೊಡನೆ ‘ಮುಖದಲ್ಲಿ ಕಳೆಯಿಲ್ಲ’ ಎನ್ನುವುದು ಈ ಮೂರನೆಯ ಅರ್ಥದಲ್ಲಿ. ಈ ಮೂರು ಅರ್ಥಗಳೂ ಒಂದೇ ಹೊಲದಲ್ಲಿ ಕೂಡಿಬಂದಿರುವುದನ್ನು ಇಂದಿನ ಕೃಷಿವಿಜ್ಞಾನವು ತೋರಿಸುತ್ತಿದೆ. ಯಾವ ಕಳೆಯನ್ನು ಔಷಧದಿಂದ ಕಳೆಯಬಹುದು, ಯಾವುದನ್ನು ಕಳೆಯಲಾಗದು ಎಂಬುದನ್ನು ಅದರ ಎಲೆಯ ಕಳೆಯೇ ಹೇಳಬಲ್ಲದು.

ಕಳೆನಾಶಕವು ಕಳೆಗೆ ಹೊಸ ಶಕ್ತಿಯನ್ನು ಕೊಡುವುದಿಲ್ಲ. ಅದು ಜರಡಿಯಂತೆ ಕೆಲಸ ಮಾಡುತ್ತದೆ. ಲಕ್ಷಾಂತರ ಸಸಿಗಳಲ್ಲಿ ಹುಟ್ಟಿನಿಂದಲೇ ಔಷಧವನ್ನು ತಾಳಬಲ್ಲ ಒಂದೆರಡು ಇದ್ದರೆ, ಉಳಿದವೆಲ್ಲ ಸತ್ತು ಅವು ಮಾತ್ರ ಬೀಜ ಉದುರಿಸುತ್ತವೆ. ವರ್ಷವರ್ಷವೂ ಅದೇ ಔಷಧವನ್ನು ಸಿಂಪಡಿಸಿದರೆ ಕೊನೆಗೆ ಹೊಲವೆಲ್ಲ ಅವುಗಳದೇ ಸಂತಾನವಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಸ್ಯಪಾಲನಾ ಕ್ಷೇತ್ರವೊಂದರಲ್ಲಿ ಹೀಗಾದುದನ್ನು ಕುರಿತ ವರದಿಯು 1970ರಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿ ಇದರ ಪೆಟ್ಟು ಬಿದ್ದದ್ದು ಹರಿಯಾಣ, ಪಂಜಾಬುಗಳ ಗೋಧಿಯ ಹೊಲಗಳಿಗೆ. ಅಲ್ಲಿ ‘ಗುಲ್ಲಿ ದಂಡಾ’, ‘ಮಂಡೂಸಿ’ ಎಂದು ಕರೆಯುವ ಫಲಾರಿಸ್ ಮೈನರ್ ಎಂಬ ಹುಲ್ಲು ಎಳವೆಯಲ್ಲಿ ಗೋಧಿಯನ್ನೇ ಹೋಲುತ್ತದೆ. ಬುಡದ ನಸುಗೆಂಪನ್ನು ಗಮನಿಸಬಲ್ಲ ಪಳಗಿದ ಕಣ್ಣಿಗಷ್ಟೇ ಅದರ ಗುರುತು ಸಿಕ್ಕೀತು. ಇದನ್ನು ಅಳಿಸಲು ರೈತರು 10–15 ವರ್ಷ ಐಸೋಪ್ರೊಟ್ಯುರಾನ್ ಎಂಬ ಒಂದೇ ಔಷಧವನ್ನು ನೆಚ್ಚಿಕೊಂಡರು. 1990ರ ದಶಕದ ಆರಂಭದಲ್ಲಿ ಆ ಔಷಧವು ಸೋತಿತು. ಹಿಸಾರದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದು ಪ್ರತಿರೋಧವೇ ಎಂದು ಸಾಧಿಸಿ ತೋರಿಸಿದರು. ಕೆಲವು ರೈತರು ಕಳೆ ತುಂಬಿದ ಹಸಿರು ಗೋಧಿಯನ್ನು ತೆನೆ ಬಲಿಯುವ ಮುನ್ನವೇ ಕೊಯ್ದು ದನಗಳ ಮೇವಿಗೆ ಹಾಕಬೇಕಾಯಿತು. ಗೋಧಿಯು ಈ ಔಷಧವನ್ನು ತನ್ನೊಳಗೆ ಒಡೆದು ನಿರ್ವಿಷಗೊಳಿಸಿ ಬದುಕುತ್ತದೆ. ಪ್ರತಿರೋಧಿ ಕಳೆಯೂ ಅದೇ ಮಾರ್ಗವನ್ನು ಹಿಡಿದಿತ್ತು. ರೂಪದಲ್ಲಿ ಗೋಧಿಯನ್ನು ಹೋಲುತ್ತಿದ್ದ ಹುಲ್ಲು ಗುಣದಲ್ಲಿಯೂ ಅದನ್ನು ಹೋಲಿತು.

ಇಲ್ಲಿ ರೈತನ ಕಷ್ಟವು ಮುಖ್ಯವಾಗಿ ಕಾಲದ್ದು. ಬಿತ್ತಿದ ಸುಮಾರು ಒಂದು ತಿಂಗಳಿಗೆ ಔಷಧ ಸಿಂಪಡಿಸಬೇಕು. ಅದು ಫಲಿಸಲಿಲ್ಲವೆಂದು ಕಣ್ಣಿಗೆ ಕಾಣಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಕಳೆಯು ಬಲಿತು ಬೇರೆ ಔಷಧಕ್ಕೂ ಮೀರಿರುತ್ತದೆ. ಬೀಜವನ್ನು ಕುಂಡದಲ್ಲಿ ಬೆಳೆಸಿ ಪರೀಕ್ಷಿಸುವ ಸಾಂಪ್ರದಾಯಿಕ ವಿಧಾನವು ನಂಬಲರ್ಹವಾದರೂ, ಅದರ ಉತ್ತರ ಬರುವ ವೇಳೆಗೆ ಆ ಹಂಗಾಮು ಮುಗಿದಿರುತ್ತದೆ.

ಈ ಅಂತರವನ್ನು ತುಂಬಲು ಬಂದುದೇ ಬಿಂಬಗ್ರಾಹಿ ಸಂವೇದಕ. ಎಲೆಯ ಮೇಲೆ ಬಿದ್ದ ಬೆಳಕಿಗೆ ಮೂರು ದಾರಿಗಳುಂಟು: ಒಂದು ಭಾಗ ಆಹಾರ ತಯಾರಿಕೆಗೆ ಸಲ್ಲುತ್ತದೆ, ಒಂದು ಭಾಗ ಶಾಖವಾಗಿ ಹೋಗುತ್ತದೆ, ಅತ್ಯಲ್ಪ ಭಾಗವನ್ನು ಪತ್ರಹರಿತ್ತು ಕೆಂಬೆಳಕಾಗಿ ಮರಳಿ ಸೂಸುತ್ತದೆ. ಬರಿಗಣ್ಣಿಗೆ ಕಾಣದ ಈ ಮಿನುಗಿಗೆ ಪ್ರತಿದೀಪ್ತಿ ಎಂದು ಹೆಸರು. ಕತ್ತಲಲ್ಲಿಟ್ಟ ಎಲೆಗೆ ಬೆಳಕು ಬಿದ್ದೊಡನೆ ಈ ಮಿನುಗು ಏರಿ ಇಳಿಯುವುದನ್ನು ಜರ್ಮನಿಯ ಹಾನ್ಸ್ ಕೌಟ್ಸ್ಕಿ 1931ರಲ್ಲಿ ಪ್ರಕಟಿಸಿದನು. ಈ ಮಿನುಗಿನ ಕನಿಷ್ಠ–ಗರಿಷ್ಠ ಪ್ರಮಾಣಗಳಿಂದ ಲೆಕ್ಕಹಾಕುವ ಒಂದು ಸೂಚ್ಯಂಕವು ಆರೋಗ್ಯವಂತ ಎಲೆಯಲ್ಲಿ ಸುಮಾರು 0.83 ಇರುತ್ತದೆ. ಐಸೋಪ್ರೊಟ್ಯುರಾನ್ ತಡೆಯುವುದು ಆಹಾರ ತಯಾರಿಕೆಯ ಎಲೆಕ್ಟ್ರಾನ್ ಹರಿವನ್ನೇ ಆದ್ದರಿಂದ, ಮಣಿಯುವ ಗಿಡದಲ್ಲಿ ಸೂಚ್ಯಂಕ ಕುಸಿಯುತ್ತದೆ. ಔಷಧವನ್ನು ಒಡೆದು ಅರಗಿಸಿಕೊಳ್ಳುವ ಗಿಡದಲ್ಲಿ ಕುಸಿದುದು ಮತ್ತೆ ಚೇತರಿಸಿಕೊಳ್ಳುತ್ತದೆ. ಸಂವೇದಕವು ಎಲೆಯ ಒಂದೊಂದು ಬಿಂದುವಿನ ಮಿನುಗನ್ನೂ ಅಳೆದು ಬಣ್ಣದ ಚಿತ್ರವಾಗಿ ಮಾಡಿ ತೋರಿಸುತ್ತದೆ.

ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದ ಸಂಶೋಧಕರು ಹೊಲಕ್ಕೆ ಒಯ್ಯಬಲ್ಲ ಇಂತಹ ಸಂವೇದಕವನ್ನು ಬಳಸಿ, ಯೂರೋಪಿನ ಗೋಧಿಗೆ ಕಂಟಕವಾದ ‘ಕರಿಹುಲ್ಲಿ’ನ ಮೇಲೆ ನಡೆಸಿದ ಅಧ್ಯಯನವನ್ನು 2016ರಲ್ಲಿ ಪ್ರಕಟಿಸಿದರು. ಸಿಂಪಡಿಸಿದ ಕೆಲವೇ ದಿನಗಳಲ್ಲಿ ಮಣಿಯುವ ಗಿಡವನ್ನೂ ಮಣಿಯದ ಗಿಡವನ್ನೂ ಬೇರ್ಪಡಿಸಲು ಸಾಧ್ಯವಾಯಿತು. ಅಮೆರಿಕದ ಮಿಸಿಸಿಪಿ ರಾಜ್ಯದ ಸ್ಟೋನ್‌ವಿಲ್‌ನಲ್ಲಿ ನಡೆದ ಪ್ರಯೋಗವು ಇನ್ನೊಂದು ಬಗೆಯದು. ಅಲ್ಲಿನ ಕಳೆ ನಮ್ಮ ದಂಟುಸೊಪ್ಪಿನ ಕುಲಕ್ಕೇ ಸೇರಿದ ಪಾಮರ್ ಅಮರಾಂತ್. ಎಲೆಯಿಂದ ಮರಳುವ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ ಸೀಳಿ ನೋಡುವ ಕ್ಯಾಮೆರಾದಿಂದ, ಗ್ಲೈಫೋಸೇಟಿಗೆ ಮಣಿಯದ ಗಿಡಗಳನ್ನು ಔಷಧ ಸಿಂಪಡಿಸದೆಯೇ 100ಕ್ಕೆ 90ಕ್ಕೂ ಮಿಕ್ಕಿ ಸರಿಯಾಗಿ ಗುರುತಿಸಲಾಯಿತೆಂದು 2014ರ ವರದಿ ಹೇಳುತ್ತದೆ. ಶಾಖವನ್ನು ಅಳೆಯುವ ಕ್ಯಾಮೆರಾದ ತತ್ತ್ವವೂ ಸರಳವೇ: ನರಳುವ ಗಿಡವು ಎಲೆಯ ಪತ್ರರಂಧ್ರಗಳನ್ನು ಮುಚ್ಚುವುದರಿಂದ ಬಿಸಿಯಾಗುತ್ತದೆ, ಔಷಧ ತಾಗದ ಗಿಡವು ನೀರಾವಿಯನ್ನು ಬಿಡುತ್ತ ತಂಪಾಗಿರುತ್ತದೆ.

ಆದರೆ ಯಂತ್ರದ ಮಾತೇ ಕೊನೆಯ ಮಾತಲ್ಲ. ನೀರಿನ ಕೊರತೆ, ರೋಗ, ಚಳಿ, ಗಿಡದ ವಯಸ್ಸು, ಮೋಡದ ಮರೆ ಇವೆಲ್ಲವೂ ಎಲೆಯ ಕಾಂತಿಯನ್ನು ಬದಲಿಸುತ್ತವೆ. ಒಂದು ಹೊಲದಲ್ಲಿ ಕಲಿತ ಗುರುತು ಮತ್ತೊಂದು ಹೊಲದಲ್ಲಿ ತಪ್ಪಬಹುದು. ಸಿಂಪರಣೆ ತಪ್ಪಿದ ಗಿಡವೂ ಪ್ರತಿರೋಧಿಯಂತೆಯೇ ಕಂಡೀತು. ಆದುದರಿಂದ ಸಂವೇದಕವು ಸಂಶಯದ ಸ್ಥಳವನ್ನು ತೋರಿಸಬೇಕು. ಕುಂಡದ ಪರೀಕ್ಷೆ ಅದನ್ನು ದೃಢಪಡಿಸಬೇಕು.

ಗುರುತಿಸಿದ ಮೇಲೆ ಮಾಡಬೇಕಾದುದೇನು ಎಂಬುದಕ್ಕೂ ಹರಿಯಾಣದ ಅನುಭವವೇ ಪಾಠ. ಅಲ್ಲಿ 1990ರ ದಶಕದ ಕೊನೆಯಲ್ಲಿ ಹೊಸ ಔಷಧಗಳು ಬಂದು ಇಳುವರಿ ಚೇತರಿಸಿತು. ಕಾಲಾಂತರದಲ್ಲಿ ಅವುಗಳಿಗೂ ಮಣಿಯದ ಕಳೆ ಕಾಣಿಸಿಕೊಂಡಿತು. ಔಷಧವನ್ನಷ್ಟೇ ಬದಲಿಸಿದರೆ ಜರಡಿಯನ್ನು ಬದಲಿಸಿದಂತಾಯಿತೇ ಹೊರತು ಜರಡಿ ಹಿಡಿಯುವುದು ನಿಲ್ಲಲಿಲ್ಲ. ಬೆಳೆ ಪರಿವರ್ತನೆ, ಶುದ್ಧ ಬೀಜ, ಉಳಿದ ಗಿಡವನ್ನು ಬೀಜ ಕಟ್ಟುವ ಮುನ್ನ ಕೈಯಿಂದ ಕಿತ್ತೊಗೆಯುವುದು, ಇವು ಔಷಧದ ಜೊತೆಗೆ ನಡೆಯಬೇಕು. ಕೀಳಬೇಕಾದ ಗಿಡ ಯಾವುದೆಂದು ಸಕಾಲದಲ್ಲಿ ತಿಳಿಸುವುದರಲ್ಲಿಯೇ ಸಂವೇದಕದ ಸಾರ್ಥಕ್ಯವಿದೆ.

ಬೇಸಾಯವನ್ನೇ ಕಾಯಕವಾಗಿ ಕೈಗೊಂಡ ಒಕ್ಕಲಿಗ ಮುದ್ದಣ್ಣನಂತಹ ಶರಣರ ನಾಡಿದು. ಮಠದ ದಾಸೋಹದ ಪ್ರತಿಯೊಂದು ತುತ್ತೂ ಯಾವನೋ ರೈತನ ಹೊಲದಿಂದ ಬಂದುದು. ಅರಿವು ಆಚಾರಕ್ಕೆ ಬಂದಾಗಲೇ ಸಾರ್ಥಕವೆಂಬುದು ಶರಣಧರ್ಮದ ತಿರುಳು. ಎಲೆಯ ಮಿನುಗನ್ನು ಓದಬಲ್ಲ ವಿದ್ಯೆಯು ಪ್ರಯೋಗಶಾಲೆಯಿಂದ ಹೊರಟು ಹೊಲದ ಬದುವನ್ನು ಮುಟ್ಟಬೇಕು. ಒಕ್ಕಲು ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆಗಳು ಈ ವಿದ್ಯೆಯನ್ನೂ ಅವರ ಕೈಗೆ ಎಟುಕಿಸಲಿ.