ಸಾವಿರ ರೂಪಾಯಿ ದಾಟಿದ ಮೇಲೆ ಕಿವಿಗೆ ಸಿಗುವುದೇನು?

ತಮಿಳುನಾಡಿನ ಬತ್ತಲಗುಂಡು ಬಸ್ ನಿಲ್ದಾಣದ ಸುತ್ತಮುತ್ತಲ ಮೊಬೈಲ್ ಅಂಗಡಿಗಳಲ್ಲಿ, ಟೈಪ್-ಸಿ ಫೋನಿಗೆ ಹಳೆಯ ಇಯರ್‌ಫೋನ್ ಸಿಕ್ಕಿಸುವ ಗೇಣುದ್ದದ ವೈರು ನೂರೈವತ್ತು ರೂಪಾಯಿಗೆ ಸಿಗುತ್ತದೆ. ಆನ್‌ಲೈನಿನಲ್ಲಿ ಅಷ್ಟೇ ಉದ್ದದ, ಅದೇ ಬಿಳಿ ಬಣ್ಣದ ಇನ್ನೊಂದಕ್ಕೆ ಹತ್ತಿರ ಹತ್ತಿರ ಸಾವಿರ. ಲೋಹದ ಕವಚ ತೊಟ್ಟ ಮೂರನೆಯದಕ್ಕೆ ಹನ್ನೆರಡು ಸಾವಿರ. ಮೂರರ ಒಂದು ತುದಿ ಫೋನಿಗೆ, ಇನ್ನೊಂದು ಕಿವಿಗೆ. ಬೆಲೆಯಲ್ಲಿ ಇಷ್ಟು ಅಂತರ ಏಕೆ ಎಂದು ಕೇಳಿದರೆ ‘ಕ್ವಾಲಿಟಿ ಸಾರ್’ ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕೆ ನಾನು ದುಡ್ಡು ಕೊಡುವುದಿಲ್ಲ.

ಫೋನಿನೊಳಗೆ ಹಾಡು ಇರುವುದು ಅಂಕೆಗಳ ರೂಪದಲ್ಲಿ. ಇಯರ್‌ಫೋನಿಗೆ ಬೇಕಾದದ್ದು ಏರಿಳಿಯುವ ವಿದ್ಯುತ್ತು. ಮೊದಲನೆಯದನ್ನು ಎರಡನೆಯದಾಗಿಸುವ ಚಿಪ್ಪೇ ಡ್ಯಾಕ್. 2016ರಲ್ಲಿ ಐಫೋನ್ 7 ಬಂದಾಗ ಅದರಲ್ಲಿ ಇಯರ್‌ಫೋನ್ ಜಾಕ್ ಇರಲಿಲ್ಲ. ಬೇರೆ ಕಂಪನಿಗಳು ಮೊದಲು ನಕ್ಕವು, ಆಮೇಲೆ ಅವೂ ಒಂದೊಂದಾಗಿ ತೆಗೆದವು. ಅಲ್ಲಿಂದ ಡ್ಯಾಕ್ ಫೋನಿನಿಂದ ಹೊರಬಿದ್ದು ವೈರಿನೊಳಗೆ ಸೇರಿಕೊಂಡಿತು. ನೂರೈವತ್ತರ ತುಂಡಿನಲ್ಲಿ ಸಾಮಾನ್ಯವಾಗಿ ಈ ಚಿಪ್ ಇರುವುದಿಲ್ಲ, ಅದು ಬರೀ ತಂತಿ. ಟೈಪ್-ಸಿ ತೂತಿನಿಂದ ಫೋನೇ ಧ್ವನಿಯನ್ನು ಸಿದ್ಧಮಾಡಿ ಹೊರಗೆ ಬಿಟ್ಟರೆ ಮಾತ್ರ ಅದು ಹಾಡುತ್ತದೆ, ಇಲ್ಲದಿದ್ದರೆ ಮೂಕ. ಕೆಲವು ಫೋನುಗಳು ಹಾಗೆ ಬಿಡುತ್ತವೆ, ಹಲವು ಬಿಡುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಸ್ವಂತ ಫೋನಿಗೆ ಹಾಕಿ, ಕೇಳಿ, ಆಮೇಲೆ ಹಣ ಎಣಿಸಬೇಕು.

ಸಾವಿರದ ವೈರಿನಲ್ಲಿ ನಿಜವಾದ ಡ್ಯಾಕ್ ಇದೆ. ಸಿ.ಡಿ.ಯಲ್ಲಿರುವ ಧ್ವನಿ 16 ಬಿಟ್, ಸೆಕೆಂಡಿಗೆ 44,100 ಮಾದರಿ. ಮನುಷ್ಯನ ಕಿವಿ ಕೇಳಬಲ್ಲ 20,000 ಹರ್ಟ್ಜ್‌ವರೆಗಿನದೆಲ್ಲ ಅದರಲ್ಲಿ ಅಡಗುತ್ತದೆ. ನನ್ನ ವಯಸ್ಸಿಗೆ ಮೇಲಿನ ಕೆಲವು ಸಾವಿರ ಹರ್ಟ್ಜ್ ಹೇಗೂ ಕೇಳಿಸುವುದಿಲ್ಲ. ಆಪಲ್‌ನ ಟೈಪ್-ಸಿ ವೈರಿನಂಥ ಸಣ್ಣ ಡ್ಯಾಕ್ ಸಹ ಈ ಕೆಲಸವನ್ನು ಗೊರಗೊರ ಸದ್ದಿಲ್ಲದೆ, ಧ್ವನಿ ಕೆಡಿಸದೆ ಮಾಡುತ್ತದೆ. ಅದನ್ನೇ ಹಲವು ಆಂಡ್ರಾಯ್ಡ್ ಫೋನುಗಳಿಗೆ ಹಾಕಿದರೆ ಧ್ವನಿ ಸಣ್ಣಗೆ ಬರುತ್ತದೆ ಎಂಬುದೊಂದು ತಕರಾರು. ಅಂಥ ಫೋನ್ ಇದ್ದವರು ಬೇರೆ ಕಂಪನಿಯದನ್ನು ನೋಡುವುದು ಮೇಲು.

ಹಾಗಾದರೆ ಉಳಿದ ಹನ್ನೊಂದು ಸಾವಿರ ಯಾವುದಕ್ಕೆ? ಬಹುಪಾಲು ಶಕ್ತಿಗೆ. ಡ್ಯಾಕ್ ಎಂದು ಮಾರುವ ಪೆಟ್ಟಿಗೆಯೊಳಗೆ ಒಂದು ಆಂಪ್ಲಿಫೈಯರ್ ಕೂಡ ಇರುತ್ತದೆ. ಸಣ್ಣ ವೈರು ಕೊಡುವುದು ಸುಮಾರು 1 ವೋಲ್ಟ್. 32 ಓಮ್ ವಿದ್ಯುತ್ ತಡೆಯ ಸಾಮಾನ್ಯ ಇಯರ್‌ಫೋನಿಗೆ ಅದು 31 ಮಿಲಿವ್ಯಾಟ್ ಆಗುತ್ತದೆ, ಕಿವಿ ನೋಯುವಷ್ಟು ಜೋರು. ಅದೇ 1 ವೋಲ್ಟನ್ನು ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮ್‌ನ ಹೆಡ್‌ಫೋನಿಗೆ ಕೊಟ್ಟರೆ ಉಳಿಯುವುದು ಮೂರು ಚಿಲ್ಲರೆ ಮಿಲಿವ್ಯಾಟ್. ಪೆಟ್ಟಿಗೆ 2 ವೋಲ್ಟ್ ಕೊಟ್ಟರೆ ಶಕ್ತಿ ನಾಲ್ಕು ಪಟ್ಟು. ನನ್ನ ಹತ್ತಿರ 300 ಓಮ್‌ನದು ಇರುವುದರಿಂದ ದೊಡ್ಡ ಡ್ಯಾಕ್ ಇಟ್ಟುಕೊಂಡಿದ್ದೇನೆ, ಅದಕ್ಕೆ ಕೊಟ್ಟ ದುಡ್ಡು ದಂಡ ಅನ್ನಿಸಿಲ್ಲ. ಆದರೆ ಎರಡು ಸಾವಿರದ ಇಯರ್‌ಫೋನಿಗೆ ಹನ್ನೆರಡು ಸಾವಿರದ ಪೆಟ್ಟಿಗೆ ಕಟ್ಟುವುದೆಂದರೆ ಇಪ್ಪತ್ತಡಿ ಬಾವಿಗೆ ಹತ್ತು ಎಚ್‌ಪಿ ಮೋಟಾರು ಇಳಿಸಿದ ಹಾಗೆ. ಮೊದಲು ಇಯರ್‌ಫೋನಿನ ಡಬ್ಬಿಯ ಮೇಲೆ ಓಮ್ ಎಷ್ಟೆಂದು ಓದಬೇಕು. ಬೆಲೆ ಚೀಟಿ ಆಮೇಲೆ.

ನನ್ನ ಅಕ್ಕನ ಮಗನ ಹತ್ತಿರ ಇರುವುದು 32 ಓಮ್‌ನದೇ. ಆದರೂ ಆ ಹನ್ನೆರಡು ಸಾವಿರದ್ದರ ಮೇಲೆ ಅವನ ಕಣ್ಣು. ‘ನೋ ಕಾಸ್ಟ್ ಇಎಂಐ ಇದೆ ಮಾವ, ತಿಂಗಳಿಗೆ ಎರಡೇ ಸಾವಿರ, ಆರು ತಿಂಗಳು. ಬಡ್ಡೀನೇ ಇಲ್ಲ’ ಎಂದ. ಹೂವಿನ ವ್ಯಾಪಾರಿಗಳ ಲೆಕ್ಕ ಬರೆದು ಬದುಕುವ ನನ್ನ ಮುಂದೆ ಬಡ್ಡಿ ಇಲ್ಲ ಅನ್ನಬಾರದಿತ್ತು! ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಈಗ ನಡೆಯುವುದು ಹೀಗೆ: ಬಡ್ಡಿಯಷ್ಟು ಮೊತ್ತವನ್ನು ಮಾರುವವನು ಮೊದಲೇ ರಿಯಾಯಿತಿ ಎಂದು ಕಳೆಯುತ್ತಾನೆ, ಉಳಿದದ್ದಕ್ಕೆ ಬ್ಯಾಂಕು ಬಡ್ಡಿ ಹಾಕುತ್ತದೆ. ವರ್ಷಕ್ಕೆ ಶೇ 15 ಬಡ್ಡಿ ಎಂದುಕೊಂಡರೆ ಸಾಲ ಸುಮಾರು 11,492 ರೂಪಾಯಿ, ಬಡ್ಡಿ 508. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 91 ರೂಪಾಯಿ, ಕಾರ್ಡಿನವನ ಜೇಬಿನಿಂದ. ಪ್ರೊಸೆಸಿಂಗ್ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಒಟ್ಟು ಮುನ್ನೂರು ಚಿಲ್ಲರೆ ಹೆಚ್ಚು. ಭಾರಿ ಮೊತ್ತವಲ್ಲ, ನಿಜ. ಆದರೆ ‘ಇಲ್ಲ’ ಎಂದು ಹೇಳಿ ವಸೂಲು ಮಾಡುವುದು ನನಗೆ ಸೇರುವುದಿಲ್ಲ. ಒಂದು ಕಂತು ತಪ್ಪಿತೋ, ಆಮೇಲಿನ ದರ ಕ್ರೆಡಿಟ್ ಕಾರ್ಡಿನದು.

‘ದುಬಾರಿಯದರಲ್ಲಿ ಹಾಡು ಬೇರೆಯದೇ ಕೇಳುತ್ತೆ ಮಾವ’ ಎಂದು ಅವನ ವಾದ. ಕೇಳುತ್ತದೆ, ಜೋರಾಗಿರುವುದರಿಂದ. 1 ವೋಲ್ಟಿಗಿಂತ 2 ವೋಲ್ಟ್ 6 ಡೆಸಿಬಲ್ ಜೋರು, ಮತ್ತು ಸ್ವಲ್ಪ ಜೋರಾದದ್ದನ್ನು ಕಿವಿ ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಹಾಗಾಗಿ ಪರಿಚಯದ ಎಲೆಕ್ಟ್ರಿಷಿಯನ್‌ರಿಂದ ಮಲ್ಟಿಮೀಟರ್ ತಂದೆ. ಫೋನಿನಲ್ಲಿ 50 ಹರ್ಟ್ಜ್‌ನ ಸ್ವರ ಹಾಕಿ, ನನ್ನ ದೊಡ್ಡ ಡ್ಯಾಕ್ ಮತ್ತು ಸಾವಿರದ ವೈರು ಎರಡರಲ್ಲೂ ಒಂದೇ ವೋಲ್ಟ್ ಬರುವಂತೆ ಧ್ವನಿ ಹೊಂದಿಸಿ, ಅವನ ಇಯರ್‌ಫೋನನ್ನೇ ಹಾಕಿ, ಯಾವುದು ಯಾವುದೆಂದು ತೋರಿಸದೆ ಕೇಳಿಸಿದೆ. ಅವನ ಉತ್ತರಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು. ನನ್ನವೂ ಹಾಗೇ. ‘ಆದ್ರೂ ನೋಡೋಕೆ ಅದೇ ಚೆನ್ನಾಗಿದೆ’ ಎಂದ. ಅದು ಪ್ರಾಮಾಣಿಕ ಕಾರಣ, ಅದಕ್ಕೆ ನನ್ನ ತಕರಾರಿಲ್ಲ. ಕೈಯಲ್ಲಿ ಹಣ ಕೂಡಿದ ಮೇಲೆ ತೊಗೊ ಎಂದೆ. ಸದ್ಯ ಬ್ಯಾಂಕಿನಲ್ಲಿ ತಿಂಗಳಿಗೆ ಎರಡು ಸಾವಿರ ಆರ್‌ಡಿ ಕಟ್ಟುತ್ತಿದ್ದಾನೆ.

ಬ್ಲೂಟೂತ್ ಬಗ್ಗೆ ಒಂದು ಮಾತು. ಸಿ.ಡಿ. ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್. ಎಲ್‌ಡ್ಯಾಕ್ ಎಂಬ ಬ್ಲೂಟೂತ್ ವಿಧಾನ ಗರಿಷ್ಠ 990 ಸಾಗಿಸುತ್ತದೆ, ಮಾಮೂಲಿಯವು ಅದರ ಮೂರನೇ ಒಂದು ಭಾಗ. ಬಸ್ಸಿನ ಗದ್ದಲದಲ್ಲಿ ಅದೂ ಸಾಕು. ನನ್ನ ಚಿಂತೆ ಬ್ಯಾಟರಿಯದು. ಕಿವಿಯೊಳಗಿಡುವ ಆ ಪುಟ್ಟ ಬಡ್‌ಗಳ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಬದಲಿಸಲು ಬರುವುದಿಲ್ಲ. ವೈರಿನದು ಜೋಪಾನ ಮಾಡಿದಷ್ಟು ಕಾಲ ಬರುತ್ತದೆ.

ಡ್ಯಾಕ್‌ಗಿಂತ ಮೊದಲು ಹಣ ಹೋಗಬೇಕಾದದ್ದು ಇಯರ್‌ಫೋನಿಗೆ, ಆಮೇಲೆ ಹಾಡಿನ ಮೂಲಕ್ಕೆ. ನಮ್ಮ ಮನೆಮಾತು ಕಂಬಂ ಕಣಿವೆಯ ಒಕ್ಕಲಿಗರ ಕನ್ನಡ, ಬೀದಿಮಾತು ತಮಿಳು, ಎರಡಕ್ಕೂ ಸೇತುವೆ ಇಳಯರಾಜ. ಅವರ ಪಣ್ಣೈಪುರಂ ನಮ್ಮ ಪಕ್ಕದ ತೇನಿ ಜಿಲ್ಲೆಯಲ್ಲೇ ಇದೆ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ನನ್ನ ಫೋನಿನಲ್ಲಿ ಯಾವಾಗಲೂ ಇರುತ್ತವೆ. ಆ ಕಾಲದ ಹಾಡುಗಳಲ್ಲಿ ಹಲವನ್ನು ಯಾರೋ ಕ್ಯಾಸೆಟ್ಟಿನಿಂದ ಇಳಿಸಿ ಹಾಕಿದ್ದಾರೆ. ಬಾಸ್ ಗಿಟಾರ್ ಅಲ್ಲೇ ಕಳೆದುಹೋಗಿದ್ದರೆ ಯಾವ ಡ್ಯಾಕ್ ಅದನ್ನು ಮರಳಿ ತರುತ್ತದೆ? 1986ರ ಅವರ ‘ಹೌ ಟು ನೇಮ್ ಇಟ್’ ಆಲ್ಬಮ್ ಅನ್ನು ಸರಿಯಾದ ಮೂಲದಿಂದ ಸಾವಿರದ ವೈರಿನಲ್ಲಿ ಕೇಳಿದರೂ ಪಿಟೀಲುಗಳು ಒಂದೊಂದಾಗಿ ಬಿಡಿಸಿ ಕೇಳುತ್ತವೆ.

ಆಪಲ್ ಮ್ಯೂಸಿಕ್ 2021ರಿಂದ ಸಿ.ಡಿ. ಗುಣಮಟ್ಟವನ್ನು ಹೆಚ್ಚಿನ ಶುಲ್ಕವಿಲ್ಲದೆ ಕೊಡುತ್ತಿದೆ. ಆದರೆ ಡೇಟಾ ನಮ್ಮದು. ಐದು ನಿಮಿಷದ ಹಾಡು ಆ ಗುಣಮಟ್ಟದಲ್ಲಿ ಸುಮಾರು 30 ಎಂಬಿ, ದಿನಕ್ಕೆ 2 ಜಿಬಿ ಇದ್ದರೆ ಅರವತ್ತಕ್ಕೂ ಹೆಚ್ಚು ಹಾಡು. ಅದಕ್ಕೂ ಮೇಲಿನ 24 ಬಿಟ್, 192 ಕಿಲೋಹರ್ಟ್ಜ್ ಇಟ್ಟರೆ ಹತ್ತು ಹನ್ನೊಂದಕ್ಕೆ ಆ ದಿನದ ಡೇಟಾ ಮುಗಿಯುತ್ತದೆ. ನಾನು ಸಿ.ಡಿ. ಮಟ್ಟಕ್ಕೇ ನಿಲ್ಲಿಸಿದ್ದೇನೆ. ಕೊಡೈಕಾನಲ್ ಘಾಟಿ ಹತ್ತುವ ದಿನ ಹಿಂದಿನ ರಾತ್ರಿಯೇ ಮನೆಯ ವೈಫೈಯಲ್ಲಿ ಇಳಿಸಿಕೊಳ್ಳುತ್ತೇನೆ.