ಆಯುಷ್ಯ ಕೊಟ್ಟು ಕಟ್ಟುವ ಮನೆ: ಎಂಟು ಸೂತ್ರಗಳು

ಮಾನ್ವಿ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರನ್ನು ವಿಜಯದಾಸರು ಊಟಕ್ಕೆ ಕರೆದರಂತೆ. ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪವೇ ನಿಜವಾಗಿ ನೋವು ಹಿಡಿದುಕೊಂಡಿತು. ಕಡೆಗೆ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದು ಅವರನ್ನು ಉಳಿಸಿದರು. ಹಾಗೆ ಉಳಿದವರೇ ಮಾನ್ವಿಯ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು. ಈ ಕತೆಯನ್ನು ನಂಬುವುದು, ಬಿಡುವುದು ಅವರವರ ಭಕ್ತಿ. ಸಂಸಾರ ಮಾಡುವವರಿಗೆ ಮಾತ್ರ ಅದರಲ್ಲೊಂದು ಲೆಕ್ಕವಿದೆ: ಮನೆಯವರು ಚೆನ್ನಾಗಿ ಬಾಳಬೇಕೆಂದರೆ ನಮ್ಮ ಆಯುಷ್ಯದಲ್ಲಿ ಅವರಿಗೊಂದು ಪಾಲು ಕೊಡಬೇಕು. ವರ್ಷಗಳೇನೂ ಬೇಡ, ದಿನಕ್ಕೊಂದು ತಾಸು ಸಾಕು.

1. ಒಂದು ಹೊತ್ತಾದರೂ ಕೂಡಿ ಉಣ್ಣಿ
ಅಪ್ಪನಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ, ಅಣ್ಣನಿಗೆ ಗಂಜಿನಲ್ಲಿ ಹಮಾಲಿ, ತಂಗಿಗೆ ಟ್ಯೂಷನ್. ರಾತ್ರಿ ಊಟಕ್ಕೆ ಎಲ್ಲರೂ ಸೇರದಿದ್ದರೆ ಮುಂಜಾನೆಯ ಸುಸ್ಲಾ, ಚಹಾ ಕೂಡಿ ಆಗಲಿ. ಹೊತ್ತು ಯಾವುದಾದರೇನು, ಅದು ಎಲ್ಲರಿಗೂ ಗೊತ್ತಿರಬೇಕು, ತಪ್ಪಬಾರದು.

2. ರೊಟ್ಟಿ ಬಡಿದವರೂ ಬಿಸಿ ರೊಟ್ಟಿ ಉಣ್ಣಲಿ
ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬಿದ್ದನ್ನೆಲ್ಲ ಉಳಿದವರ ತಾಟಿಗೆ ಹಾಕಿದ ಸೊಸೆ ಕೊನೆಗೆ ತಾನು ಕೂತಾಗ ಉಳಿದಿರುವುದು ಆರಿದ ರೊಟ್ಟಿ, ತಳ ಕಂಡ ಪುಂಡಿಪಲ್ಯ. ವಾರದಲ್ಲಿ ಎರಡು ದಿನ ಗಂಡನೋ ಮಗನೋ ಒಲೆ ಮುಂದೆ ಕೂರಲಿ. ಅಂಚು ಹರಿದರೂ ಚಿಂತೆಯಿಲ್ಲ, ಪಲ್ಯ ಹಾಕಿದರೆ ಮುಚ್ಚಿಹೋಗುತ್ತದೆ.

3. ಜಗಳ ಮಾಳಿಗೆ ಹತ್ತದಿರಲಿ
ಏಪ್ರಿಲ್, ಮೇ ಬಂದರೆ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಗೋಡೆಯಷ್ಟೇ ಅಲ್ಲ, ತಲೆಯೂ ಕಾಯುತ್ತದೆ. ಸಂಜೆ ಮಾಳಿಗೆಗೆ ನೀರು ಚೆಲ್ಲಿ ಹಾಸಿಗೆ ಹಾಸುವ ಮನೆಯಲ್ಲಿ ಒಂದು ಕಟ್ಟಳೆ ಇರಲಿ: ದುಡ್ಡಿನ ಮಾತು, ಮಾರ್ಕ್ಸಿನ ಮಾತು, ಮೊಬೈಲು ಮೂರೂ ಕೆಳಗೇ ಉಳಿಯಬೇಕು. ಮುಖ ಕಾಣದ ಕತ್ತಲಲ್ಲಿ ಮಕ್ಕಳು ಹಗಲು ಆಡದ ಮಾತು ಆಡುತ್ತಾರೆ. “ಅಪ್ಪಾ, ನಿದ್ದಿ ಬಂತೇನು?” ಎಂದು ಮಗ ಕೇಳಿದರೆ ಅವನಿಗೆ ಏನೋ ಹೇಳುವುದಿದೆ. ನಿದ್ದೆ ಬಂದಿದ್ದರೂ “ಇಲ್ಲಪಾ, ಹೇಳು” ಅನ್ನಿ.

4. ಗುಳೆ ಹೋಗುವ ಮುಂಚೆ ಮನೆಯೊಳಗೊಂದು ಕರಾರು ಮಾಡಿ
ಸುಗ್ಗಿ ಮುಗಿಯುತ್ತಲೇ ದೇವದುರ್ಗ, ಮಾನ್ವಿಯ ಹಳ್ಳಿ, ತಾಂಡಾಗಳ ಎಷ್ಟೋ ಮಂದಿ ಬೆಂಗಳೂರು, ಹೈದರಾಬಾದ್, ಪುಣೆಯ ಬಸ್ಸು ಹತ್ತುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹೊರಡುವ ಮುಂಚೆ ಮಾಸ್ತರರ, ಆಶಾ ಕಾರ್ಯಕರ್ತೆಯ, ಪಕ್ಕದ ಮನೆಯವರ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿಡಿ. ತಾಯಿ ಕಾರ್ಡು, ಆಧಾರ್, ಪಾಸ್‌ಬುಕ್ ಯಾವ ಟ್ರಂಕಿನಲ್ಲಿವೆ ಎಂದು ಅಜ್ಜಿಗೆ ತೋರಿಸಿ. ‘ಒಂದು ದೇಶ ಒಂದು ಪಡಿತರ ಚೀಟಿ’ ಇರುವುದರಿಂದ ದುಡಿಯಲು ಹೋದವರು ತಮ್ಮ ಪಾಲಿನ ಕಾಳನ್ನು ಅಲ್ಲೇ ಪಡೆಯಬಹುದು, ಊರಲ್ಲಿ ಉಳಿದವರಿಗೆ ಅವರ ಪಾಲು ಇಲ್ಲಿ ಸಿಗುತ್ತದೆ.

ಫೋನಿಗೆ ಹೊತ್ತು ಗೊತ್ತುಮಾಡಿ. “ಉಂಡ್ಯಾ?” “ಉಂಡೆ” ಎನ್ನುವಷ್ಟಕ್ಕೇ ಮಾತು ಮುಗಿಯಬಾರದು. “ಇವತ್ತ ಸಾಲ್ಯಾಗ ಯಾರ ಬಾಜೂಕ ಕುಂತಿದ್ದಿ?” ಎಂದು ಕೇಳಿ ನೋಡಿ, ಮಗಳು ಹತ್ತು ನಿಮಿಷ ಮಾತಾಡುತ್ತಾಳೆ. ಕಾರಹುಣ್ಣಿಮೆಗೆ ಬರುತ್ತೇವೆಂದು ಹೇಳಿದ್ದರೆ ಕಾರಹುಣ್ಣಿಮೆಗೇ ಬನ್ನಿ. ಮಕ್ಕಳು ಕ್ಯಾಲೆಂಡರಿನಲ್ಲಿ ಗೆರೆ ಎಳೆದಿರುತ್ತಾರೆ.

5. ಸಾಲ ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ
ಸಂಘದ ಕಂತು, ಅಂಗಡಿಯ ಉದ್ದರಿ, ಗೊಬ್ಬರದ ಬಾಕಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರ ಕಣ್ಣಿಗೂ ಬೀಳುವಲ್ಲಿ ಅಂಟಿಸಿ. ಸಾಲಕ್ಕಿಂತ ಹೆಚ್ಚು ಮನೆ ಮುರಿಯುವುದು ಬಚ್ಚಿಟ್ಟ ಸಾಲ. ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯ ಖಾತೆಯದು, ಖರ್ಚಿನ ಲೆಕ್ಕವೂ ಆಕೆಯದೇ. ಕಿರುಸಾಲದವರು ಮನೆಮುಂದೆ ಬಂದು ಬೆದರಿಸಿದರೆ ಊರು ಬಿಡಬೇಡಿ, ಠಾಣೆಗೆ ಹೋಗಿ. ಇಂಥ ಬಲವಂತದ ವಸೂಲಿ ತಡೆಯಲೆಂದೇ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ.

6. ಮಗಳ ಓದಿಗೆ ನೆಪ ಹುಡುಕಬೇಡಿ
18 ತುಂಬುವ ಮುಂಚೆ ಮದುವೆ ಮಾಡಿದರೆ ಅಪರಾಧ. ಆದರೆ 18 ತುಂಬಿದ ಮರುದಿನವೇ ಮಾಡಬೇಕೆಂದು ಯಾವ ಕಾನೂನೂ ಹೇಳಿಲ್ಲ. “ಓದಿಸಾಕ ದೂರ ಕಳಸಬೇಕಲ್ರಿ” ಎನ್ನುವ ಮಾತೂ ಈಗ ಹಳತಾಯಿತು. ರಾಯಚೂರಿನಲ್ಲೇ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ, 2019ರಲ್ಲಿ ಆರಂಭವಾದ ಐಐಐಟಿಯೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ದೇವದುರ್ಗದ ಹುಡುಗಿಗೂ ಮಾನ್ವಿಯ ಹುಡುಗಿಗೂ ಬಸ್ಸು ಪುಕ್ಕಟೆ. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗದವರಿಗೆ ಸೀಟು, ನೌಕರಿ ಎರಡರಲ್ಲೂ ಮೀಸಲು ಕೊಟ್ಟಿದೆ. ಇನ್ನು ಕೊಡಬೇಕಾದದ್ದು ಮನೆಯವರ ಒಪ್ಪಿಗೆ.

7. ಹಿರಿಯರ ಕೈಗೆ ಕೆಲಸ ಕೊಡಿ
“ನಿನಗ್ಯಾಕಬೇ, ಸುಮ್ನ ಕುಂದ್ರು” ಎಂದು ಒಂದು ದಿನ ಹೇಳಿದರೆ ಪ್ರೀತಿ. ದಿನಾ ಹೇಳಿದರೆ ಮೂಲೆಗೆ ತಳ್ಳಿದಂತೆ. ಶೇಂಗಾ ಸುಲಿಯುವಾಗ ಮೊಮ್ಮಕ್ಕಳನ್ನು ಅಜ್ಜಿಯ ಎದುರು ಕೂರಿಸಿ, ಒಂದು ಬುಟ್ಟಿ ಮುಗಿಯುವಷ್ಟರಲ್ಲಿ ನಾಲ್ಕು ಕತೆ ಆಗಿರುತ್ತವೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಮೊದಲ ಹಿಡಿ ಅಜ್ಜನದಾಗಲಿ.

8. ಸಹಾಯ ಕೇಳಲು ನಾಚಬೇಡಿ
ಕ್ಯಾಲೆಂಡರಿನ ಹಿಂದೆ ನಾಲ್ಕು ನಂಬರು ಬರೆದಿಡಿ: ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ಹಿರಿಯರಿಗೆ 14567, ಮನಸ್ಸು ಕುಗ್ಗಿದವರಿಗೆ 14416. ಕುಡಿತ, ಹೊಡೆತಗಳನ್ನು ಮನೆಯ ಮಾನದ ಹೆಸರಿನಲ್ಲಿ ಮುಚ್ಚಿಟ್ಟರೆ ಮಾನ ಉಳಿಯುವುದಿಲ್ಲ, ಮನೆಯೂ ಉಳಿಯುವುದಿಲ್ಲ.

ಎಂಟನ್ನೂ ಇವತ್ತೇ ಮಾಡಬೇಕಿಲ್ಲ, ಒಂದರಿಂದ ಶುರುವಾಗಲಿ. ಸಂಜೆ ಒಳಗಿನಿಂದ “ಉಣ್ಣಾಕ ಬರ್ರಿ” ಎಂಬ ಕರೆ ಬಂದಾಗ ಕೈಯಲ್ಲಿರುವುದನ್ನು ಬದಿಗಿಟ್ಟು ಏಳಿ. ಹೊಟ್ಟೆನೋವಿನ ನೆಪ ಹೇಳಬೇಡಿ.